ಮೊಲದ ಸಾಲು

"ಅಜ್ಜಾರ, ಇನ್ನೊಬ್ಬರಿಗೆ ಬ್ಯಾನಿ ಬಂದು, ಅದರಿಂದ ನನಗ ಆರಾಮ ಆದ್ರ, ಅದು ನನ್ನ ತಪ್ಪೇನು?"

ಕೇಳಿದವನು ಚೆನ್ನವೀರ, ಮಠದಲ್ಲಿ ಓದುತ್ತಿದ್ದ ಶಿಷ್ಯ. ಅಜ್ಜನವರು, ಅಂದರೆ ಮಠದ ಗುರುಗಳು, ಕಟ್ಟೆಯ ಮೇಲೆ ಕುಳಿತು ಹೆಸರುಕಾಯಿ ಬಿಡಿಸುತ್ತಿದ್ದರು. ಯಾರಿಗೆ ಬೇನೆ ಎಂದು ಅವರು ಕೇಳಲಿಲ್ಲ. ಮಠಕ್ಕೆಲ್ಲ ಗೊತ್ತಿದ್ದ ಸಂಗತಿ ಅದು. ಚೆನ್ನವೀರನ ಕೋಣೆಯ ಜೊತೆಗಾರ ಕಲ್ಲಿನಾಥನಿಗೆ ಮಂಗನಬಾವು ಆಗಿತ್ತು. ಎರಡೂ ಕೆನ್ನೆ ಊದಿಕೊಂಡು ಮುಖ ಕುಂಬಳಕಾಯಿಯಂತಾಗಿತ್ತು. ಉಳಿದವರಿಗೆ ಅಂಟದಿರಲಿ ಎಂದು ಅವನನ್ನು ಹಿತ್ತಲ ಕೋಣೆಯಲ್ಲಿ ಮಲಗಿಸಿದ್ದರು.

ಕಲ್ಲಿನಾಥ ಒಳ್ಳೆಯವನೇ. ಆದರೆ ಮಲಗಿದರೆ ಗೊರಕೆ ಹೊಡೆಯುತ್ತಿದ್ದ, ಎದ್ದರೆ ಹಾಡುತ್ತಿದ್ದ. ಎರಡರಲ್ಲಿ ಯಾವುದು ವಾಸಿ ಎಂದು ಚೆನ್ನವೀರನಿಗೆ ಇನ್ನೂ ತೀರ್ಮಾನಿಸಲು ಆಗಿರಲಿಲ್ಲ. ಈಗ ಕೋಣೆ ಶಾಂತವಾಗಿತ್ತು, ಓದು ಸರಾಗವಾಗಿ ಸಾಗುತ್ತಿತ್ತು. ಕಿಟಕಿಯ ಬಳಿ ಕಲ್ಲಿನಾಥ ಚಾಪೆ ಹಾಸುತ್ತಿದ್ದ ಜಾಗಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆಂದು ಚೆನ್ನವೀರ ತನ್ನ ಪುಸ್ತಕದ ಪೆಟ್ಟಿಗೆಯನ್ನೂ ಓದುವ ಮಣೆಯನ್ನೂ ಅಲ್ಲಿಗೆ ಸರಿಸಿಕೊಂಡಿದ್ದ. ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಅಜ್ಜನವರಿಗೆ ಹೇಳಿದ.

ಅಜ್ಜನವರು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಗುಡ್ಡದ ಬುಡದಲ್ಲಿ ಅವನ ಹೊಲ. ಗುಡ್ಡದ ತುಂಬ ಮೊಲಗಳ ಬಿಲ. ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಬಿತ್ತನೆ ಮುಗಿದು ಕೂರಿಗೆ ಬಿಚ್ಚುವ ಮೊದಲು, ಗುಡ್ಡದ ಕಡೆಯ ಅಂಚಿಗೆ ಒಂದು ಸಾಲು ಹೆಸರುಕಾಳು ಬಿತ್ತಬೇಕು. ಬಿತ್ತಿ ಗುಡ್ಡದ ಕಡೆ ತಿರುಗಿ, 'ಇದು ನಿಮ್ಮದು, ಉಳಿದದ್ದು ನಮ್ಮದು' ಎಂದು ಹೇಳಬೇಕು. ಅದಕ್ಕೆ ಮೊಲದ ಸಾಲು ಎಂದು ಹೆಸರು.

ಮೊಲಗಳು ಆ ಒಪ್ಪಂದದ ಮೊದಲ ಅರ್ಧವನ್ನು ಮಾತ್ರ ಪಾಲಿಸುತ್ತಿದ್ದವು. ತಮ್ಮ ಸಾಲು ತಿಂದು ಮುಗಿಸಿ ರೈತನ ಬೆಳೆಗೂ ಒಂದಿಷ್ಟು ಬಾಯಿ ಹಾಕುತ್ತಿದ್ದವು. ರೈತ ದಿನವೂ ಬೆಳಿಗ್ಗೆ ಬದುವಿನ ಮೇಲೆ ನಿಂತು ಗುಡ್ಡಕ್ಕೆ ಬೈಯುತ್ತಿದ್ದ. ಮೊಲಗಳು ಬಿಲದ ಬಾಯಲ್ಲಿ ಕುಳಿತು, ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದವು. ಅವನ ಹೆಂಡತಿ ಇದನ್ನು ನೋಡಿ ನಗುತ್ತಿದ್ದಳು.

ಒಂದು ವರ್ಷ ಗುಡ್ಡದ ಮೊಲಗಳಿಗೆ ಬೇನೆ ಬಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ. ಸೊಳ್ಳೆ ತಂದಿತು ಎಂದು ಕೆಲವರು ಹೇಳಿದರು. ಮೊಲಗಳ ಮುಖ ಊದಿತು, ಕಣ್ಣು ಮುಚ್ಚಿಹೋಯಿತು. ಅವು ನಡುದಾರಿಯಲ್ಲಿ ಕುಳಿತುಬಿಡುತ್ತಿದ್ದವು. ಹೆಜ್ಜೆ ಸಪ್ಪಳ ಕೇಳಿದರೂ ಓಡುತ್ತಿರಲಿಲ್ಲ. ಒಂದನ್ನು ರೈತ ತಾನೇ ಎತ್ತಿ ನೆರಳಿಗೆ ಇಟ್ಟ. ಸಂಜೆಗೆ ಅದು ಸತ್ತಿತ್ತು. ಬರುಬರುತ್ತ ಗುಡ್ಡದ ಮೇಲೆ ಒಂದು ಮೊಲವೂ ಕಾಣದಂತಾಯಿತು.

ರೈತ ಮೊದಲು ಅಯ್ಯೋ ಎಂದ. ಆಮೇಲೆ ಹೊಲ ನೋಡಿದ. ಒಂದು ಎಲೆಗೂ ಹಲ್ಲು ತಾಗಿರಲಿಲ್ಲ. ಅವನಿಗೆ ಖುಷಿಯಾಯಿತು. ಖುಷಿಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ಖುಷಿಯೇ ಸ್ವಲ್ಪ ಹೆಚ್ಚಿತ್ತು.

ಮುಂದಿನ ಬಿತ್ತನೆಗೆ ಅವನು ಮೊಲದ ಸಾಲು ಬಿತ್ತಲಿಲ್ಲ. ಮೊಲವೇ ಇಲ್ಲದ ಮೇಲೆ ಸಾಲು ಯಾರಿಗೆ ಎಂದು ಹೆಂಡತಿಗೆ ಹೇಳಿ, ಅಂಚಿನವರೆಗೂ ಜೋಳ ಬಿತ್ತಿದ. ಹೆಂಡತಿಗೂ ಆಗ ಏನೂ ಹೊಳೆಯಲಿಲ್ಲ.

ಹೊಳೆದದ್ದು ನರಿಗೆ. ಗುಡ್ಡದ ನರಿ ಅಲ್ಲಿಯವರೆಗೆ ಮೊಲ ತಿಂದುಕೊಂಡು ತನ್ನ ಪಾಡಿಗೆ ತಾನಿತ್ತು. ಈಗ ಹಸಿದು ರೈತನ ಹಿತ್ತಲಿಗೆ ಬಂತು. ಹೆಂಡತಿ ಮರಿಯಿಂದ ಸಾಕಿ ಬೆಳೆಸಿದ ಕೋಳಿಗಳನ್ನು ಒಂದೊಂದಾಗಿ ಹೊತ್ತೊಯ್ದಿತು. ಕೊನೆಗೆ ಉಳಿದದ್ದು ಒಂದೇ ಹುಂಜ. ಅವಳು ಅದನ್ನು ಮನೆಯೊಳಗೆ ತಂದು, ಗಂಡನ ತಲೆದಿಂಬಿನ ಪಕ್ಕ ಬುಟ್ಟಿಯಡಿ ಮುಚ್ಚಿಟ್ಟಳು. ಆ ಹುಂಜ ದಿನಾ ನಸುಕಿನಲ್ಲಿ ರೈತನ ಕಿವಿಯಲ್ಲಿ ಕೂಗುತ್ತಿತ್ತು. ಎದ್ದು ಹೊಲಕ್ಕೆ ಹೋದರೆ ಅಲ್ಲಿ ಕಳೆ ಕಾಯುತ್ತಿತ್ತು. ತಿನ್ನುವವರಿಲ್ಲದೆ ಗುಡ್ಡದ ಹುಲ್ಲು ಸೊಂಟದೆತ್ತರ ಬೆಳೆದು, ಅದರ ಬೀಜವೆಲ್ಲ ಗಾಳಿಗೆ ಹಾರಿ ಅವನ ಜೋಳದಲ್ಲಿ ಬಿದ್ದಿತ್ತು. ಕಳೆ ಕಿತ್ತು ಕಿತ್ತು ಅವನ ನಡು ಬಿದ್ದುಹೋಯಿತು.

ರೈತ ಸಂತೆಗೆ ಹೋಗಿ ಸಾಕಿದ ಮೊಲ ತಂದ. ಬೆಳ್ಳಗಿನ ಮುದ್ದಾದ ಮೊಲಗಳು. ಗುಡ್ಡಕ್ಕೆ ಬಿಟ್ಟು ಬಂದ. ಆದರೆ ಬೇನೆ ಗುಡ್ಡ ಬಿಟ್ಟು ಹೋಗಿರಲಿಲ್ಲ. ಕೆಲವೇ ದಿನಕ್ಕೆ ಅವುಗಳ ಕಣ್ಣೂ ಊದಿತು. ರೈತ ಅವುಗಳ ಪಕ್ಕ ಕುಳಿತು ನೀರು ಕುಡಿಸಿದ. ಒಂದೂ ಉಳಿಯಲಿಲ್ಲ. ಹಿಂದೆ ತನ್ನ ಹೊಲ ತಿಂದ ಮೊಲಗಳಿಗೆ ಅಳದವನು ಅಂದು ಎಲ್ಲ ಮೊಲಗಳಿಗೂ ಸೇರಿಸಿ ಅತ್ತ.

ಜೋಳ ಕೊಯ್ಲಿಗೆ ಬಂದಾಗ ಒಂದು ಸಂಜೆ ಅವನು ಬದುವಿನ ಮೇಲೆ ಕುಳಿತಿದ್ದ. ಗುಡ್ಡದಿಂದ ಒಂದು ಮೊಲ ಇಳಿದು ಬಂತು. ಕಂದು ಬಣ್ಣದ್ದು, ಗುಡ್ಡದ್ದೇ. ಅದರ ಒಂದು ಕಣ್ಣಿನ ರೆಪ್ಪೆ ಮುದುಡಿ ಗಾಯ ಮಾಯ್ದಿತ್ತು. ಬೇನೆ ಬಿದ್ದು, ಬೇನೆ ಗೆದ್ದು ಉಳಿದ ಮೊಲ ಅದು. ಹಿಂದೆ ಎರಡು ಮರಿಗಳಿದ್ದವು. ಅದು ಅತ್ತಿತ್ತ ನೋಡದೆ ನೇರವಾಗಿ ಹೊಲದ ಅಂಚಿಗೆ ಬಂದು, ಈ ತುದಿಯಿಂದ ಆ ತುದಿಯವರೆಗೆ ನೆಲ ಮೂಸಿತು. ಅಲ್ಲಿ ಒಣಗಿದ ಜೋಳದ ದಂಟು ಬಿಟ್ಟರೆ ಏನೂ ಇರಲಿಲ್ಲ. ಮತ್ತೊಮ್ಮೆ ಮೂಸಿತು. ಆಮೇಲೆ ಮರಿಗಳನ್ನು ಕರೆದುಕೊಂಡು ಗುಡ್ಡ ಹತ್ತಿ ಹೋಯಿತು.

ಅದು ತನ್ನ ಸಾಲು ಹುಡುಕುತ್ತಿತ್ತು ಎಂದು ರೈತನಿಗೆ ತಿಳಿಯಿತು. ಸಾವಿನ ಬಾಯಿಂದ ಪಾರಾಗಿ ಬಂದ ಮೊಲಕ್ಕೆ ತಾನು ಒಂದು ಗೇಣು ಜಾಗವನ್ನೂ ಇಟ್ಟಿರಲಿಲ್ಲ ಎಂದು ಅವನು ತನ್ನನ್ನೇ ಬೈದುಕೊಂಡ.

ಮುಂದಿನ ಬಿತ್ತನೆಗೆ ಅವನು ಪದ್ಧತಿ ತಿರುವುಮುರುವು ಮಾಡಿದ. ಮೊಲದ ಸಾಲನ್ನೇ ಮೊದಲು ಬಿತ್ತಿ, ಹೇಳಬೇಕಾದ ಮಾತನ್ನು ಗುಡ್ಡಕ್ಕೆಲ್ಲ ಕೇಳುವಂತೆ ಹೇಳಿದ. ಹೆಸರು ಮೊಳೆತು ಎಲೆ ಬಿಟ್ಟಿತು. ದಿನವೂ ಬೆಳಿಗ್ಗೆ ಹೋಗಿ ನೋಡುತ್ತಿದ್ದ. ಸಾಲು ದಟ್ಟವಾಗಿ, ಹಸಿರಾಗಿ, ಒಂದು ಎಲೆಯೂ ಹರಿಯದೆ ನಿಂತಿರುತ್ತಿತ್ತು. ಅಷ್ಟು ಚೆಂದದ ಪೈರು ನೋಡಿ ಅಷ್ಟು ಬೇಜಾರು ಪಟ್ಟ ರೈತ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಒಂದು ಬೆಳಿಗ್ಗೆ ಅವನು ಹೊಲದಿಂದ ಓಡುತ್ತ ಮನೆಗೆ ಬಂದ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಗಾಬರಿಯಾಗಿ ಎದ್ದು ಬಂದಳು. ಸಾಲಿನ ಕುಡಿಯನ್ನೆಲ್ಲ ಮೊಲ ಮೇಯ್ದಿವೆ, ನಮ್ಮ ಬೆಳೆಗೂ ಬಾಯಿ ಹಾಕಿವೆ ಎಂದು ಅವನು ಏದುಸಿರು ಬಿಡುತ್ತ ಹೇಳಿದ.

"ಆಗ ಮೊಲ ತಿಂತು ಅಂತ ಬೈತಿದ್ರಿ, ಈಗ ಮೊಲ ತಿಂತು ಅಂತ ಕುಣ್ಯಾಕತ್ತೀರಿ," ಎಂದಳು ಹೆಂಡತಿ. "ನಿಮ್ಮ ಜೋಡಿ ಬಾಳೇವು ಮಾಡೋದು ಹೆಂಗ್ರಿ?"

"ಹುಂಜ ಹೊರಗ ಬಿಡೋ ದಿನ ಬಂತು. ಮೊದಲು ಅದನ್ನ ಕೇಳು," ಎಂದ ರೈತ.

ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಮೊಲಗಳು ಹೆಚ್ಚಿದಂತೆ ನರಿ ಗುಡ್ಡಕ್ಕೆ ಮರಳಿತು, ಹುಂಜ ಅಂಗಳಕ್ಕೆ ಇಳಿಯಿತು. ರೈತ ಮತ್ತೆ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ಗುಡ್ಡಕ್ಕೆ ಬೈಯತೊಡಗಿದ.

ಕತೆ ಮುಗಿಯಿತು. ಚೆನ್ನವೀರ ಮನಸಾರೆ ನಕ್ಕ. ಅವನ ಎದೆ ಹಗುರಾಗಿತ್ತು. ಖುಷಿಪಟ್ಟಿದ್ದು ರೈತನ ತಪ್ಪಲ್ಲ, ಮೊಲದ ಸಾಲಿನ ಜಾಗದಲ್ಲೂ ಜೋಳ ಬಿತ್ತಿಕೊಂಡದ್ದೇ ತಪ್ಪು ಎಂದು ಅವನು ಚುರುಕಾಗಿ ಉತ್ತರ ಹೇಳಿದ. ಅಜ್ಜನವರು ಹೌದು ಎಂದು ತಲೆಯಾಡಿಸಿದರು.

ಅಷ್ಟರಲ್ಲಿ ಹಿತ್ತಲ ಕೋಣೆಯಿಂದ ಹಾಡು ಕೇಳಿಸಿತು. ಶ್ರುತಿ ಎಂದಿನಂತೆ ತಪ್ಪಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಕಲ್ಲಿನಾಥನ ಬಾವು ಇಳಿದಿರಬೇಕು.

ಅಜ್ಜನವರು ಬಿಡಿಸಿದ ಕಾಳನ್ನು ಮೊರದಲ್ಲಿ ಹರಡುತ್ತ, ತಲೆ ಎತ್ತದೆ ಕೇಳಿದರು:

"ನಾಳೆ ಅವ ಖೋಲಿಗೆ ಬರ್ತಾನ; ಕಿಟಕಿ ಬಾಜೂಕ ಅವನ ಚಾಪಿ ಜಾಗಾದಾಗ ಈಗ ಏನೈತಿ?"

ಚೆನ್ನವೀರ ತನ್ನ ಪೆಟ್ಟಿಗೆ ಸರಿಸಲು ಎದ್ದು ಕೋಣೆಗೆ ನಡೆದ.