ದಣಿ ಎಂಬ ಮಾತು

ಎಲೀಯ ಅಯ್ಯನವರ ಆಶ್ರಮ ಹೊಳೆಯ ಈಚೆ ದಂಡೆಯಲ್ಲಿತ್ತು. ಆಚೆ ದಂಡೆಯಿಂದ ಗುಡ್ಡ ಶುರುವಾಗುತ್ತಿತ್ತು. ಗುಡ್ಡದ ಜನರಿಗೆ ತಮ್ಮದೇ ಒಂದು ಭಾಷೆ. ಅದನ್ನು ಯಾರೂ ಬರೆದಿರಲಿಲ್ಲ.

ಅಯ್ಯನವರ ಶಿಷ್ಯ ಜೀವರತ್ನ ಆ ಜನರ ನಡುವೆ ವರ್ಷಗಟ್ಟಲೆ ಇದ್ದು ಅವರ ಮಾತು ಕಲಿತ. ಅವರ ಗಂಜಿ ಕುಡಿದ, ಅವರ ಜ್ವರವನ್ನೂ ಅನುಭವಿಸಿದ. ಕೊನೆಗೆ ಸುವಾರ್ತೆಯನ್ನು ಆ ಮಾತಿಗೆ ತಂದ.

ಒಂದು ಸಂಜೆ ಬರೆದ ಹಾಳೆಗಳನ್ನೆಲ್ಲ ತಂದು ಗುರುಗಳ ಮುಂದೆ ಇಟ್ಟ.

"ಮುಗಿಯಿತು, ಅಯ್ಯನವರೇ. ಮಳೆಗಾಲಕ್ಕೆ ಮುಂಚೆ ತಂದುಕೊಡಿ ಎಂದು ಅಚ್ಚುಕೂಟದವರು ಹೇಳಿದ್ದಾರೆ."

"ಅವರಿಗೆ ಓದಿ ಹೇಳಿದೆಯಾ?"

"ಹೇಳಿದೆ. ಕರ್ತನ ಮಾತು ಬಂದಲ್ಲೆಲ್ಲ ಎದ್ದು ನಿಲ್ಲುತ್ತಾರೆ. ಗಂಡಸರು ಹೆಗಲ ಮೇಲಿನ ಬಟ್ಟೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಇಂಥ ಭಕ್ತಿಯನ್ನು ಪಟ್ಟಣದ ದೇವಾಲಯದಲ್ಲೂ ನಾನು ಕಂಡಿಲ್ಲ."

"ಕರ್ತ ಅನ್ನುವುದಕ್ಕೆ ಅವರ ಭಾಷೆಯಲ್ಲಿ ಯಾವ ಪದ ಹಾಕಿದ್ದೀಯೆ?"

"ದಣಿ. ಅದಕ್ಕಿಂತ ದೊಡ್ಡ ಪದ ಅವರಲ್ಲಿ ಇಲ್ಲ."



"ಎದ್ದು ನಿಂತವರು ಮುಂದೆ ಬರುತ್ತಾರೋ, ಹಿಂದೆ ಸರಿಯುತ್ತಾರೋ?"

ಜೀವರತ್ನ ನೆನಪು ಮಾಡಿಕೊಂಡ. "ಹಿಂದೆ ಸರಿಯುತ್ತಾರೆ."

"ನಾಳೆ ನನ್ನನ್ನೂ ಕರೆದುಕೊಂಡು ಹೋಗು," ಎಂದರು ಅಯ್ಯನವರು.

ಗುಡ್ಡ ಹತ್ತುವಾಗ ಅವರು ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳಬೇಕಾಯಿತು. ಮೇಲೆ ಜನ ಹಲಸಿನ ಮರದ ಕೆಳಗೆ ಸೇರಿದ್ದರು. ಕೆಳಗಿನ ಬಯಲಿನ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಕ್ಕಿದ್ದು, ಹೇಗೋ ಬಿಡಿಸಿಕೊಂಡು ಬಂದವರು ಅವರು.

ಜೀವರತ್ನ, ಕರ್ತನು ತನ್ನ ಶಿಷ್ಯರ ಪಾದ ತೊಳೆದ ಭಾಗವನ್ನು ತೆಗೆದ. ಅದನ್ನು ಬರೆಯುವಾಗ ಅವನು ಅತ್ತಿದ್ದ. ಇವರೂ ಅಳುತ್ತಾರೆ ಎಂದುಕೊಂಡಿದ್ದ.

ದಣಿ ಊಟದ ನಡುವೆ ಎದ್ದ ಎಂದು ಓದಿದ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ, ಬೋಗುಣಿಗೆ ನೀರು ಸುರಿದ, ಬಗ್ಗಿ ಕೂತು ತನ್ನವರ ಕಾಲು ತೊಳೆದ ಎಂದು ಓದಿದ.

ಬಾಗಜ್ಜಿ ಎಂಬ ಮುದುಕಿ ಪಕ್ಕದಲ್ಲಿದ್ದ ಮೊಮ್ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ಆಮೇಲೆ ಏನು ಕೇಳಿದ?" ಎಂದಳು.

"ಏನು, ಅಜ್ಜಿ?"

"ದಣಿ ಕಾಲು ತೊಳೆದ ಅಂದೆಯಲ್ಲ. ಆಮೇಲೆ ಏನು ಕೇಳಿದ?"

"ಏನೂ ಕೇಳಲಿಲ್ಲ."

"ಸುಳ್ಳು," ಎಂದಳು ಬಾಗಜ್ಜಿ. "ನಮ್ಮ ದಣಿ ಒಂದು ಸಲ ನನ್ನ ಮಗಳಿಗೆ ಸೀರೆ ತಂದುಕೊಟ್ಟ. ಗುಡಿಸಲ ತನಕ ಅವನೇ ನಡೆದು ಬಂದಿದ್ದ. ನೆಲದ ಮೇಲೆ ಕೂತು ನೀರು ಕೇಳಿ ಕುಡಿದ. ಎಷ್ಟು ಒಳ್ಳೆಯವನು ಅಂದುಕೊಂಡೆವು."

ಅವಳ ಕೈ ಹಿಂದಕ್ಕೆ ಹೋಗಿ ಮೊಮ್ಮಗಳ ತಲೆ ಸವರಿತು.

"ಇವಳನ್ನು ಹೆತ್ತ ದಿನವೇ ಮಗಳು ಹೋದಳು."

"ಈ ದಣಿ ಅಂಥವನಲ್ಲ, ಅಜ್ಜಿ." ಎಂದ ಜೀವರತ್ನ.

"ಆ ದಣಿ ಸತ್ತು ಅವನ ಮಗ ಬಂದಾಗಲೂ ಜನ ಹೀಗೇ ಅಂದರು."

ಜೀವರತ್ನ ಅವಸರದಿಂದ ಹಾಳೆ ಮಗುಚಿ ಮುಂದಕ್ಕೆ ಓದಲು ಹೊರಟ. ಅಯ್ಯನವರು ಹಾಳೆಯ ಮೇಲೆ ಕೈ ಇಟ್ಟರು.

"ಸಾಕು. ಇಷ್ಟು ದಿನ ಅವರು ಕೇಳಿದರು. ಇವತ್ತು ನಾವು ಕೇಳೋಣ."

ಆಮೇಲೆ ಮುದುಕಿಯ ಕಡೆ ತಿರುಗಿ, ತಮಗೂ ಅಷ್ಟಿಷ್ಟು ಬರುತ್ತಿದ್ದ ಗುಡ್ಡದ ಮಾತಿನಲ್ಲೇ ಕೇಳಿದರು. "ಮಗಳ ಹೆಸರೇನು, ತಾಯಿ?"

ಬಾಗಜ್ಜಿ ಬಹಳ ಹೊತ್ತು ಅವರ ಮುಖ ನೋಡಿದಳು.

"ಪೂವಿ."

ಅಯ್ಯನವರು ಕೋಲು ಊರಿ ಎದ್ದು ನಿಂತರು. ಹೆಗಲ ಮೇಲಿನ ಶಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಬಾಗಜ್ಜಿ ಮಾತಾಡಿದಳು. ಅವಳು ಮುಗಿಸಿದ ಮೇಲೆ ಇನ್ನೊಬ್ಬ ಶುರು ಮಾಡಿದ. ಯಾರ ಬೆನ್ನಿಗೆ ಎಷ್ಟು ಬಿತ್ತು, ಯಾರನ್ನು ಯಾವ ಮರಕ್ಕೆ ಕಟ್ಟಿದ್ದರು, ಯಾವ ಮಗು ಹಟ್ಟಿಯ ಮೂಲೆಯಲ್ಲಿ ಹಸಿದು ಸತ್ತಿತು. ಬಿಸಿಲು ಇಳಿಯುವ ತನಕ ಹೇಳಿದರು. ಜೀವರತ್ನ ಅಷ್ಟು ವರ್ಷ ಅಲ್ಲಿದ್ದರೂ ಅದರಲ್ಲಿ ಒಂದನ್ನೂ ಕೇಳಿರಲಿಲ್ಲ.

ಇಬ್ಬರೂ ಹೊಳೆಗೆ ಇಳಿದು ಬಂದು ದೋಣಿಗೆ ಕಾದರು.

"ಆ ಪದ ಹೊಡೆದು ಹಾಕುತ್ತೇನೆ," ಎಂದ ಜೀವರತ್ನ. "ಅದರ ಜಾಗಕ್ಕೆ ಏನು ಹಾಕಲಿ?"

"ನನಗೆ ಗೊತ್ತಿಲ್ಲ."

"ಒಡೆಯ? ಯಜಮಾನ? ಅವರು ಆಡುವ ಮಾತಿನಲ್ಲಿ ಅವೂ ಇವೆ."

"ಅವೂ ದಣಿಯ ಒಡಹುಟ್ಟಿದವೇ."

"ಹಾಗಾದರೆ ಅಚ್ಚು?"

"ಕಾಯಲಿ."

ಜೀವರತ್ನ ಬಂಡೆಯ ಮೇಲೆ ಕೂತು ಪೆನ್ಸಿಲ್ ತೆಗೆದ. ಒಂದೊಂದೇ ಹಾಳೆಯಲ್ಲಿ ಆ ಪದವನ್ನು ಹುಡುಕಿ ಗೀಟು ಎಳೆಯುತ್ತ ಹೋದ. ಕೆಲವು ಹಾಳೆಗಳಲ್ಲಿ ಗೀಟುಗಳೇ ಹೆಚ್ಚಾದವು. ಅವನ ಕಣ್ಣು ಮಂಜಾಯಿತು.

ನಡುವೆ ಕೈ ನಿಂತಿತು.

"ಅಯ್ಯನವರೇ, ಬರುವ ತಿಂಗಳು ಇವರಿಗೆಲ್ಲ ದೀಕ್ಷಾಸ್ನಾನ ಎಂದು ಸಭೆಯ ಹಿರಿಯರಿಗೆ ಮಾತು ಕೊಟ್ಟಿದ್ದೇನೆ. ಏನೂ ಕೇಳಲಿಲ್ಲ ಎಂದು ಅಜ್ಜಿಗೆ ಹೇಳುವಾಗಲೂ ನನ್ನ ಮನಸ್ಸಿನಲ್ಲಿ ಅದೇ ಇತ್ತು."

"ನಿನ್ನ ಮುಖ ನೋಡಿದೆ."

"ಅಜ್ಜಿಗೂ ಗೊತ್ತಾಗಿರಬಹುದೇ?"

"ಇಲ್ಲದಿದ್ದರೆ ಅವಳು ಹಾಗೆ ಯಾಕೆ ಕೇಳುತ್ತಿದ್ದಳು?"

ಜೀವರತ್ನ ತಲೆ ತಗ್ಗಿಸಿದ. ಉಳಿದ ಹಾಳೆಗಳಲ್ಲೂ ಗೀಟು ಎಳೆದು ಮುಗಿಸಿದ.

ದೋಣಿ ಬಂತು. ಅಂಬಿಗ ಅಯ್ಯನವರ ಕೈ ಹಿಡಿದು ಹತ್ತಿಸಿಕೊಂಡ. ಜೀವರತ್ನ ದಂಡೆಯಲ್ಲೇ ನಿಂತಿದ್ದ.

"ನಾನು ಬರುವುದಿಲ್ಲ, ಅಯ್ಯನವರೇ. ಮೇಲೆ ಹೋಗುತ್ತೇನೆ. ಹಿರಿಯರಿಗೆ ನೀವೇ ತಿಳಿಸಿ."

"ತಿಳಿಸುತ್ತೇನೆ."

"ಅಜ್ಜಿ ಮತ್ತೆ ಅದನ್ನೇ ಕೇಳಿದರೆ ಏನು ಉತ್ತರ ಕೊಡಲಿ?"

ಅಂಬಿಗ ಗಳ ಊರಿದ. ದೋಣಿ ದಂಡೆ ಬಿಟ್ಟಿತು.

"ಅವಳ ಗುಡಿಸಲ ಪಕ್ಕದಲ್ಲಿ ಮುದುಕನಾಗು, ಜೀವರತ್ನ. ಏನೂ ಕೇಳಬೇಡ."