ಹಿಂದಿನ ಸೀಟಿಗೆ ಕುಂಕುಮ

ತಿಪಟೂರಿನ ದರ್ಜಿ ನಾಗೋಜಿರಾಯರ ಹೆಂಡತಿಗೆ ಮಂಡಿನೋವು. ಬಸ್ಸು ಹತ್ತಲಾಗದೆ ಆಕೆ ತಂಗಿಯ ಮುಖ ನೋಡಿ ವರ್ಷವಾಗಿತ್ತು. ಅದಕ್ಕೇ ರಾಯರು ಕಂಟ್ರಾಕ್ಟರ್ ವೀರಭದ್ರಯ್ಯನವರ ಹಳೆಯ ಕಾರು ನೋಡಲು ಬಂದಿದ್ದರು.

ಎಂಜಿನ್ನು, ಬಣ್ಣ ಎಲ್ಲ ಚೆನ್ನಾಗಿತ್ತು. ಆದರೆ ಒಳಗೆ ಕೂತೊಡನೆ ರಾಯರ ಬೆನ್ನು ತಣ್ಣಗಾಯಿತು. ಮನಸ್ಸು ಬೇಡ ಎಂದಿತು, ಕಾರಣ ಹೇಳಲಿಲ್ಲ. ಅವರು ಮೆಲ್ಲಗೆ ಇಳಿದರು.

“ನೋಡಿದ್ದು ಸಾಕು, ಈಗಲೇ ಒಪ್ಕೊಳ್ರೀ,” ಎಂದರು ವೀರಭದ್ರಯ್ಯ ಗತ್ತಿನಿಂದ. “ಈ ಊರಲ್ಲಿ ನನ್ನ ಮಾತನ್ನ ಅನುಮಾನಿಸಿದೋರು ಯಾರೂ ಇಲ್ಲ.”

ಸುಮ್ಮನೆ ಬೇಡವೆಂದರೆ ದೊಡ್ಡವರ ಮುನಿಸು ಕಟ್ಟಿಕೊಂಡಂತೆ. ರಾಯರು ನಿಂತಲ್ಲೇ ಒಂದು ಸುಳ್ಳು ಹೊಲಿದರು.

“ಕಾರು ಒಪ್ಪಿಗೆ ಸ್ವಾಮಿ. ಹಿಂದಿನ ಸೀಟಲ್ಲಿ ಕೂತಿರೋ ಅಮ್ಮನಿಗೆ ಮಾತ್ರ ನಿಮ್ಮ ಮನೆಯವರ ಕೈಲಿ ಕುಂಕುಮ ಕೊಡಿಸಿ ಇಳಿಸ್ಕೊಂಡ್ಬಿಡಿ.”

ಹಿಂದಿನ ಸೀಟು ಖಾಲಿಯಿತ್ತು. ಇವನಿಗೆ ತಲೆ ಕೆಟ್ಟಿದೆ ಎಂದು ಗದರಿ ಕಳಿಸುತ್ತಾರೆ, ವ್ಯಾಪಾರ ತಾನಾಗಿ ಮುರಿಯುತ್ತದೆ ಎಂಬುದು ರಾಯರ ಎಣಿಕೆ.

ವೀರಭದ್ರಯ್ಯ ಗದರಲಿಲ್ಲ. ಕಾರಿನ ಕಡೆ ತಿರುಗದೆ, ದನಿ ತಗ್ಗಿಸಿ ಹೇಳಿದರು:

“ಶುಕ್ರವಾರ ಶುಕ್ರವಾರ ಕೊಡ್ತಾನೇ ಇದೀವಿ ರಾಯರೇ. ತಗೋತಾರೆ. ಇಳಿಯೋದಿಲ್ಲ.”