ಹಡಗಿನಿಂದ ಇಳಿದ ಮೇಲೆ

"ಗುರುಗಳೇ, ಹಡಗು ಹೊರಡುವ ದಿನ ಹತ್ತಿರ ಬಂತು. ಬೇಕಾದುದನ್ನೆಲ್ಲ ಕಟ್ಟಿಕೊಂಡಿದ್ದೇನೆ. ಆದರೂ ಏನೋ ಬಿಟ್ಟುಹೋಗಿದೆ ಎಂಬ ಅನುಮಾನ ಹೋಗುತ್ತಿಲ್ಲ. ದೂರ ಹೋಗುವವನು ಯಾವ ಸಿದ್ಧತೆಯನ್ನು ಮರೆಯಬಾರದು?"

ಹೀಗೆ ಕೇಳಿದವನು ಪಾಯಣ್ಣ. ಮಠದ ಶಿಷ್ಯರಲ್ಲೆಲ್ಲ ಚುರುಕಾದವನು. ಕಡಲಾಚೆಯ ಬಂದರೊಂದರಲ್ಲಿ ನೆಲೆಸಿದ್ದ ಕನ್ನಡದ ಕುಟುಂಬಗಳು, ತಮ್ಮ ಮಕ್ಕಳಿಗೆ ವಿದ್ಯೆ ಹೇಳಲು ಯಾರನ್ನಾದರೂ ಕಳಿಸಿಕೊಡಿ ಎಂದು ಮಠವನ್ನು ಕೇಳಿಕೊಂಡಿದ್ದವು. ಗುರುಗಳು ಇವನನ್ನು ಆರಿಸಿದ್ದರು. ಹೋದರೆ ಹಲವು ವರ್ಷ ಅಲ್ಲಿಯೇ ಇರಬೇಕಾದ ಕೆಲಸ. ಗುರುಗಳಿಗೆ ಆಗಲೇ ತುಂಬ ವಯಸ್ಸಾಗಿತ್ತು. ಅವರು ಶಿಷ್ಯನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಉತ್ತರವಾಗಿ ಈ ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವಲ್ಲಿ ಒಂದು ಬಂದರು. ಅಲ್ಲಿ ಒಬ್ಬ ಅಕ್ಕಿ ವರ್ತಕನಿದ್ದ. ಅವನ ಅಕ್ಕಿ ಹಡಗೇರಿ ಮರಳುನಾಡಿನ ಪೇಟೆಗಳಿಗೆ ಹೋಗುತ್ತಿತ್ತು; ಅವನು ಮಾತ್ರ ಊರು ಬಿಟ್ಟವನಲ್ಲ. ಒಂದು ವರ್ಷ, ಆ ದೇಶದಲ್ಲಿ ಅವನ ಸರಕನ್ನು ಮಾರಿಕೊಡುತ್ತಿದ್ದವನು ತೀರಿಕೊಂಡ. ಇನ್ನು ತಾನೇ ಹೋಗಿ ಅಲ್ಲೊಂದು ಅಂಗಡಿ ಹೂಡಿ, ಅದು ನೆಲೆ ನಿಂತ ಮೇಲೆ ನಂಬಿಕೆಯವನೊಬ್ಬನನ್ನು ಕೂರಿಸಿ ಬರಬೇಕಾಯಿತು.

ವರ್ತಕ ಹುಂಬನಲ್ಲ. ಮುಂದಿನ ವರ್ಷ ಹಡಗುಗಳನ್ನು ಆಚೆಗೆ ಒಯ್ಯುವ ಗಾಳಿ ಬೀಸಿದಾಗ ಹೊರಡುವುದೆಂದು ನಿಶ್ಚಯಿಸಿ, ಆ ವರ್ಷವಿಡೀ ಸಿದ್ಧತೆ ಮಾಡಿದ. ಕಂಡ ಕಂಡ ನಾವಿಕರನ್ನು ಮನೆಗೆ ಕರೆದು ಊಟ ಹಾಕಿಸಿ, ಆ ದೇಶದ ನೀರು ಹೇಗೆ, ಬಿಸಿಲು ಹೇಗೆ ಎಂದು ವಿಚಾರಿಸಿದ. ಅಲ್ಲಿ ಹಗಲು ಸುಡುತ್ತದೆ, ರಾತ್ರಿ ನಡುಗಿಸುತ್ತದೆ ಎಂದರು, ಕಂಬಳಿ ಕೊಂಡ. ಕಡಲ ಮೇಲೆ ಅನ್ನ ಸೇರುವುದಿಲ್ಲ ಎಂದರು. ಅವಲಕ್ಕಿ, ಬೆಲ್ಲ, ಒಣಶುಂಠಿ, ಉಪ್ಪಿನಲ್ಲಿ ಹಾಕಿದ ನಿಂಬೆಕಾಯಿ ಜೋಡಿಸಿಕೊಂಡ. ಬಂದರಿಗೆ ಬರುತ್ತಿದ್ದ ಕುದುರೆ ವ್ಯಾಪಾರಿಯೊಬ್ಬನ ಪಕ್ಕದಲ್ಲಿ ಕುಳಿತು ಆ ನಾಡಿನ ಮಾತು ಕಲಿತ. ಅಲುಗಾಟಕ್ಕೆ ಮೈ ಒಗ್ಗಲೆಂದು, ದಡದಲ್ಲಿ ಕಟ್ಟಿದ ದೋಣಿಯಲ್ಲಿಯೇ ಮಲಗಿ ನೋಡಿದ. ಊರಿನವರು ನಕ್ಕರು. ಅವನು ನಗುವವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯನ್ನೂ ಅವನು ಮರೆಯಲಿಲ್ಲ. ಅಂಗಡಿಯ ಹೊಸಿಲನ್ನೇ ತುಳಿಯದ ಹೆಂಡತಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡ. ಅಕ್ಕಿಯನ್ನು ಹಲ್ಲಿಗಿಟ್ಟು ಹಳತೋ ಹೊಸತೋ ತಿಳಿಯುವುದನ್ನು ಹೇಳಿಕೊಟ್ಟ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದನ್ನೂ ಹೇಳಿಕೊಟ್ಟ. ಹೊಳೆಯಾಚೆಯ ಒಬ್ಬ ರೈತನನ್ನು ಮಾತ್ರ ಎಂದಿಗೂ ಒಳಗೆ ಬಿಡಬೇಡ ಎಂದ. ಆ ರೈತ ಹಿಂದೆ ಅಕ್ಕಿಗೆ ಕಲ್ಲು ಬೆರೆಸಿ ಸಿಕ್ಕಿಬಿದ್ದಿದ್ದ. ಕೊನೆಗೆ, ಹಡಗು ಮುಳುಗಿದ ಸುದ್ದಿ ಬಂದರೆ ಯಾರ ಆಸರೆಗೆ ಹೋಗಬೇಕು, ತೊಟ್ಟಿಲಲ್ಲಿರುವ ಮಗಳನ್ನು ಹೇಗೆ ಸಾಕಬೇಕು ಎಂಬುದನ್ನೂ ಬಿಡಿಸಿ ಹೇಳಿದ. ಹೆಂಡತಿ ಕಣ್ಣೊರೆಸಿಕೊಂಡಳು. ವರ್ತಕನಿಗೆ ಮನಸ್ಸು ಹಗುರಾಯಿತು. ಸಾವಿಗೂ ಸಿದ್ಧನಾದವನಿಗೆ ಇನ್ನೇನು ಉಳಿಯಿತು?

ಸಿದ್ಧತೆ ವ್ಯರ್ಥವಾಗಲಿಲ್ಲ. ಕಡಲು ಅವನನ್ನು ನಡುಗಿಸಿತು, ಕೆಡವಲಿಲ್ಲ. ಆ ನಾಡಿನಲ್ಲಿ ಅವನು ತಗ್ಗಿ ನಡೆದ. ತಿಳಿಯದುದನ್ನು ಕೇಳಿ ತಿಳಿದುಕೊಂಡ. ನಾಲ್ಕು ಜನರ ವಿಶ್ವಾಸ ಗಳಿಸಿದ. ಅಂಗಡಿ ನಿಂತಿತು. ಕೆಲವು ವರ್ಷ ಕಳೆದ ಮೇಲೆ, ಅಲ್ಲಿ ನಂಬಿಕೆಯವನೊಬ್ಬನನ್ನು ಕೂರಿಸಿ, ಅನುಕೂಲವಾದ ಗಾಳಿಯಲ್ಲಿ ಹಡಗೇರಿ ತನ್ನ ಬಂದರಿಗೆ ಬಂದಿಳಿದ.

ಅಂಗಳದಲ್ಲಿ ಆಡುತ್ತಿದ್ದ ಹುಡುಗಿ ಅವನನ್ನು ಕಂಡು ಒಳಗೆ ಓಡಿ, "ಅಮ್ಮಾ, ಯಾರೋ ಒಬ್ಬರು ಮಾವ ಬಂದಿದ್ದಾರೆ" ಎಂದಳು. ಎಲ್ಲರೂ ನಕ್ಕರು. ವರ್ತಕನೂ ನಕ್ಕ. ಆದರೆ ಆ ಮಾತು ಅವನಿಗೆ ನಾಟಿತು.

ಮರುದಿನ ಅಂಗಡಿಗೆ ಹೋಗಿ ತನ್ನ ಹಳೆಯ ಜಾಗದಲ್ಲಿ ಕುಳಿತ. ಬಂದವರು ಅವನಿಗೆ ಕೈಮುಗಿದು, ವ್ಯವಹಾರವನ್ನು ಹೆಂಡತಿಯ ಬಳಿ ಮಾತಾಡಿದರು. ಅವನು ಏನಾದರೂ ಹೇಳಿದರೆ, ಅವಳ ಮುಖ ನೋಡಿ ಆಮೇಲೆ ಹೂಂ ಎಂದರು. ಹೀಗೆಯೇ ದಿನಗಳು ಹೋದವು. ಹುಡುಗಿ ಅವನ ಹತ್ತಿರ ಬರಲು ಹಿಂಜರಿಯುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಹೆಂಡತಿ ಅಂಗಡಿಯಲ್ಲಿರಲಿಲ್ಲ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳನ್ನು ಹೇರಿದ ಗಾಡಿಗಳು ಬಂದು ನಿಂತವು. ಮುಂದಿನ ಗಾಡಿಯಿಂದ ಇಳಿದವನು ಹೊಳೆಯಾಚೆಯ ಅದೇ ರೈತ. ವರ್ತಕ ಎದ್ದು ನಿಂತು, ಕೂಲಿಗಳೆಲ್ಲ ಕೇಳುವಂತೆ ಹೇಳಿದ:

"ಕಲ್ಲು ಮಾರುವವರಿಗೆ ಇಲ್ಲಿ ಜಾಗವಿಲ್ಲ. ಬಂದ ದಾರಿಯಲ್ಲೇ ಹೋಗು."

ರೈತ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಎತ್ತುಗಳನ್ನು ತಿರುಗಿಸಿದ. ಕೂಲಿಗಳು ತಲೆ ತಗ್ಗಿಸಿದರು. ತನ್ನ ಅಂಗಡಿ ತನಗೆ ಮರಳಿ ಸಿಕ್ಕಿತು ಎಂದು ವರ್ತಕನಿಗೆ ಅನಿಸಿತು.

ಹೆಂಡತಿ ಬಂದು ಸಂಗತಿ ಕೇಳಿದಳು. ಗದರಲಿಲ್ಲ. ಅಲ್ಲಿಯೇ ಮುಡಿಯೊಂದರ ಮೇಲೆ ಕುಳಿತುಬಿಟ್ಟಳು.

"ನೀವು ಹೋದ ಮರುವರ್ಷ ಹೊಳೆ ಉಕ್ಕಿತು" ಎಂದಳು. "ನೀವು ನಂಬು ಎಂದವರು ಯಾರೂ ಬರಲಿಲ್ಲ, ಅವರವರ ಮನೆಯೇ ಅವರಿಗೆ ಸಾಕಾಗಿತ್ತು. ದೋಣಿ ತಂದವನು ಈ ಮನುಷ್ಯ. ಮೊದಲು ಮಗುವನ್ನು ದಾಟಿಸಿದ, ಆಮೇಲೆ ನನ್ನನ್ನು, ಆಮೇಲೆ ಅಕ್ಕಿಯನ್ನು."

ವರ್ತಕ ಕೇಳಿದ: "ನನಗೆ ಇದನ್ನು ಯಾಕೆ ಹೇಳಲಿಲ್ಲ?"

"ನೀವು ಬಂದಾಗಿನಿಂದ ಆ ದೇಶದ ಸುದ್ದಿ ಹೇಳಿದಿರಿ, ನಾವು ಕೇಳಿದೆವು. ಇಲ್ಲಿ ಏನಾಯಿತು ಎಂದು ನೀವು ಕೇಳಿದ್ದು ಯಾವಾಗ?"

ವರ್ತಕ ಕಡಲ ಕಡೆ ತಿರುಗಿ, "ಈ ಸಲದ ಗಾಳಿಗೆ ಮತ್ತೆ ಹೊರಟುಹೋಗುತ್ತೇನೆ. ಅಲ್ಲಿ ಹೇಗಿರಬೇಕೆಂದು ನನಗೆ ಗೊತ್ತು" ಎಂದ.

"ಹೋಗುವುದಾದರೆ ಹೋಗಿ" ಎಂದಳು ಹೆಂಡತಿ. "ಆದರೆ ಅವನನ್ನು ಅಟ್ಟಿದವರು ನೀವು. ಕರೆಯಬೇಕಾದವರೂ ನೀವೇ."

ವರ್ತಕ ಆಗಲೇ ದೋಣಿ ಹತ್ತಿ ಹೊಳೆ ದಾಟಿದ. ಹಡಗಿನ ದಾರಿಗಿಂತ ಆ ಹೊಳೆಯೇ ಅವನಿಗೆ ಅಗಲವಾಗಿ ಕಂಡಿತು. ರೈತ ಜಗಲಿಯಲ್ಲಿದ್ದ. ಎದ್ದು ಚಾಪೆ ಹಾಸಿದ, ಬೆಲ್ಲ ನೀರು ತಂದಿಟ್ಟ. ವರ್ತಕ ನೀರು ಮುಟ್ಟದೆ, "ನನಗೆ ಗೊತ್ತಿರಲಿಲ್ಲ. ತಪ್ಪಾಯಿತು" ಎಂದ.

ರೈತ ನೆಲ ನೋಡುತ್ತ, "ನೀವು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಒಡೆಯರೇ. ಹಿಂದೆ ಕಲ್ಲು ಬೆರೆಸಿದ್ದು ನಾನೇ" ಎಂದ.

ವರ್ತಕ ನೀರು ಕುಡಿದು, "ಆ ನೆರೆ ಎಲ್ಲಿಯವರೆಗೆ ಬಂದಿತ್ತು? ನನಗೆ ಮೊದಲಿನಿಂದ ಹೇಳು" ಎಂದು ಕೇಳಿದ. ರೈತ ಹೇಳತೊಡಗಿದ. ಕತ್ತಲಾಗುವವರೆಗೂ ಹೇಳಿದ.

ಗಾಡಿಗಳು ಮರುದಿನ ಅಂಗಡಿಗೆ ಬಂದವು. ಆ ಸಲದ ಗಾಳಿ ಬಂತು, ಹೋಯಿತು. ವರ್ತಕ ಊರಲ್ಲೇ ಉಳಿದ. ಹೆಂಡತಿಯ ಪಕ್ಕದಲ್ಲಿ ಕುಳಿತು, ಬಂದವರನ್ನು ಹೊಸಬರಂತೆ ವಿಚಾರಿಸುತ್ತ, ಊರಿನ ಕೆಲಸವನ್ನು ಮೊದಲಿನಿಂದ ಕಲಿತ. ಮಗಳು ಅವನನ್ನು ಅಪ್ಪ ಎನ್ನುವುದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು.

ಗುರುಗಳು ಕತೆ ನಿಲ್ಲಿಸಿದರು. ಪಾಯಣ್ಣ ಸ್ವಲ್ಪ ಯೋಚಿಸಿ, "ತಿಳಿಯಿತು, ಗುರುಗಳೇ. ಮರಳಿ ಬಂದ ದಿನ ಮೊದಲು ನಿಮ್ಮ ಬಳಿಗೆ ಬಂದು, ಇಲ್ಲಿ ನಡೆದುದನ್ನೆಲ್ಲ ಕೇಳುತ್ತೇನೆ" ಎಂದ.

ಗುರುಗಳು ಹೇಳಿದರು: "ಅಂದು ಈ ಪೀಠದಲ್ಲಿ ನಾನಿರುವುದಿಲ್ಲ, ನಿನಗಿಂತ ಕಿರಿಯನೊಬ್ಬ ಇರುತ್ತಾನೆ, ಅವನ ಎದುರು ನೆಲದ ಮೇಲೆ ಕುಳಿತು ಕೇಳಬಲ್ಲೆಯಾ?"